ಸರ್ಕಾರಿ ಕೆಲಸದ ‘ಮೆಡಿಕಲ್’: ಒಂದು ಸಲದ ಅಳತೆ ಎಷ್ಟು ಹೇಳಬಲ್ಲದು?

ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಗಳಲ್ಲಿ ವರ್ಷಗಟ್ಟಲೆ ಓದಿ ಕೊನೆಗೂ ಆಯ್ಕೆ ಪಟ್ಟಿಯಲ್ಲಿ ತಮ್ಮ ಹೆಸರು ಕಂಡ ಯುವಕ ಯುವತಿಯರಿಗೆ ಕೆಲಸಕ್ಕೆ ಹಾಜರಾಗುವ ಮುನ್ನ ಇನ್ನೂ ಕೆಲವು ಪರಿಶೀಲನೆಗಳು ಉಳಿದಿರುತ್ತವೆ. ಮೂಲ ದಾಖಲೆಗಳನ್ನು ನೋಡುತ್ತಾರೆ, ಪೊಲೀಸರು ನಡತೆ ಮತ್ತು ಪೂರ್ವಾಪರ ವಿಚಾರಿಸುತ್ತಾರೆ, ವೈದ್ಯರು ದೇಹವನ್ನು ತಪಾಸಣೆ ಮಾಡುತ್ತಾರೆ. ದಾಖಲೆಗಳು ಸರಿಯಿದ್ದವರಿಗೆ ಮೊದಲೆರಡರ ಚಿಂತೆ ಅಷ್ಟಾಗಿ ಇರುವುದಿಲ್ಲ. ಎಲ್ಲರೂ ‘ಮೆಡಿಕಲ್’ ಎಂದಷ್ಟೇ ಕರೆಯುವ ಮೂರನೆಯದರ ವಿಷಯದಲ್ಲಿ ಮಾತ್ರ ಆರೋಗ್ಯವಂತರಿಗೂ ಒಳಗೊಳಗೆ ದಿಗಿಲು ಇರುತ್ತದೆ. ರಕ್ತದೊತ್ತಡ ಹೆಚ್ಚು ಬಂದರೆ ಕೆಲಸ ಹೋಯಿತೇ, ಮೂತ್ರದಲ್ಲಿ ಏನೋ ಕಂಡಿತೆಂದರೆ ಮೂತ್ರಪಿಂಡವೇ ಕೆಟ್ಟಿತೇ ಎಂಬ ಪ್ರಶ್ನೆಗಳಿಗೆ ಗೆಳೆಯರ ಬಳಿ ಹತ್ತು ಬಗೆಯ ಉತ್ತರ ಸಿಗುತ್ತದೆ. ಈ ತಪಾಸಣೆಯ ಪ್ರತಿ ಅಳತೆಯ ಹಿಂದೆ ಒಂದು ಶರೀರಶಾಸ್ತ್ರವಿದೆ, ಅದರ ಮಿತಿಗಳೂ ಚೆನ್ನಾಗಿ ತಿಳಿದಿವೆ. ಅಭ್ಯರ್ಥಿಗೆ ಅದನ್ನು ಮೊದಲೇ ವಿವರಿಸಿ ಹೇಳಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ತಪಾಸಣೆಯ ಉದ್ದೇಶವನ್ನು ಕೇಂದ್ರ ನಾಗರಿಕ ಸೇವೆಗಳ ವೈದ್ಯಕೀಯ ನಿಯಮಗಳು ಮುಚ್ಚುಮರೆಯಿಲ್ಲದೆ ಹೇಳುತ್ತವೆ. ನೌಕರನು ದೀರ್ಘಕಾಲ ಅಡೆತಡೆಯಿಲ್ಲದೆ ದಕ್ಷವಾಗಿ ಸೇವೆ ಸಲ್ಲಿಸುವಂತಿರಬೇಕು, ಅವಧಿಗೆ ಮುನ್ನವೇ ಪಿಂಚಣಿ ಕೊಡಬೇಕಾದ ಅಥವಾ ಅಕಾಲ ಮರಣಕ್ಕೆ ಪರಿಹಾರ ಕೊಡಬೇಕಾದ ಸಂದರ್ಭ ಬರಬಾರದು ಎಂಬುದು ಅವುಗಳ ಕಾಳಜಿ. ಅದರ ಬೆನ್ನಿಗೇ ಇನ್ನೊಂದು ಮಾತೂ ಇದೆ: ಕೆಲವೇ ಜನರಲ್ಲಿ ಮಾತ್ರ ಸೇವೆಗೆ ಅಡ್ಡಿಯಾಗುವಂಥ ದೋಷವೊಂದು ಕಂಡುಬಂದರೆ, ಅಷ್ಟಕ್ಕೇ ಅಭ್ಯರ್ಥಿಯನ್ನು ತಿರಸ್ಕರಿಸಬೇಕಾಗಿಲ್ಲ. ಕೇಂದ್ರ ಸರ್ಕಾರದ ನೇಮಕಾತಿಯಲ್ಲಿ ವೈದ್ಯರು ಸಹಿ ಹಾಕುವ ಪ್ರಮಾಣಪತ್ರದ ಒಕ್ಕಣೆಯೂ ಇಷ್ಟೇ ಎಚ್ಚರದ್ದು. ಈ ವ್ಯಕ್ತಿಯಲ್ಲಿ ಯಾವುದೇ ರೋಗವಾಗಲಿ ದೇಹದೌರ್ಬಲ್ಯವಾಗಲಿ ನನಗೆ ಕಂಡುಬಂದಿಲ್ಲ ಎಂದು ಅದು ಹೇಳುತ್ತದೆ. ಏನಾದರೂ ಕಂಡಿದ್ದರೆ ಬರೆಯಲು ಖಾಲಿ ಜಾಗವಿರುತ್ತದೆ, ಕಂಡದ್ದು ಈ ಹುದ್ದೆಗೆ ಅನರ್ಹತೆಯಲ್ಲವೆಂದು ಹೇಳಲು ಮುಂದಿನ ಸಾಲಿರುತ್ತದೆ. ಅಂದರೆ ಒಂದು ನ್ಯೂನತೆ ಇದ್ದೂ ಹುದ್ದೆಗೆ ಅರ್ಹನಾಗಿರುವುದು ಸಾಧ್ಯವೆಂದು ಆ ನಮೂನೆಯೇ ಒಪ್ಪಿಕೊಂಡಿದೆ.

ಕಣ್ಣಿನ ಪರೀಕ್ಷೆಯಿಂದ ಆರಂಭಿಸೋಣ. ಗೋಡೆಯ ಮೇಲಿನ ಅಕ್ಷರಗಳ ಪಟ್ಟಿಯನ್ನು 1862ರಲ್ಲಿ ರೂಪಿಸಿದವರು ನೆದರ್ಲೆಂಡ್ಸ್‌ನ ನೇತ್ರತಜ್ಞ ಹರ್ಮನ್ ಸ್ನೆಲೆನ್. 6/6 ಎಂಬ ಬರಹದಲ್ಲಿ ಮೊದಲ ಸಂಖ್ಯೆ ಪಟ್ಟಿಯಿಂದ ಅಭ್ಯರ್ಥಿ ನಿಂತ ದೂರವನ್ನು ಮೀಟರುಗಳಲ್ಲಿ ತಿಳಿಸುತ್ತದೆ. ಎರಡನೆಯದು ಸಾಮಾನ್ಯ ದೃಷ್ಟಿಯವರು ಅದೇ ಸಾಲನ್ನು ಓದಬಲ್ಲ ದೂರ. ಆರು ಮೀಟರ್ ದೂರದಲ್ಲಿ ಓದಬೇಕಾದ ಅಕ್ಷರದ ಎತ್ತರ ಸುಮಾರು 8.7 ಮಿಲಿಮೀಟರ್. ಆದ್ದರಿಂದ ಅಭ್ಯರ್ಥಿಯನ್ನು ಒಂದು ಮೀಟರ್ ಮುಂದೆ ನಿಲ್ಲಿಸಿದರೂ, ಬೆಳಕು ಮಂದವಾಗಿದ್ದರೂ, ಸರದಿಯಲ್ಲಿ ಹಿಂದೆ ನಿಂತವನು ಸಾಲನ್ನು ಬಾಯಿಪಾಠ ಮಾಡಿಕೊಂಡಿದ್ದರೂ ಫಲಿತಾಂಶ ಬದಲಾಗುತ್ತದೆ.

ಕಚೇರಿಯ ಕೆಲಸಕ್ಕೆ ಕನ್ನಡಕ ಹಾಕಿಕೊಂಡು ಸರಿಯಾಗಿ ಕಂಡರೆ ಸಾಕಾಗುತ್ತದೆ. ರೈಲು ಓಡಿಸುವವರ ಮಾತು ಬೇರೆ. 2003ರಿಂದ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿರುವುದರಿಂದ ಈ ಭಾಗದವರಿಗೆ ರೈಲು ಓಡಿಸುವವರ ವೈದ್ಯಕೀಯ ವರ್ಗವಾದ ‘ಎ-1’ ಪರಿಚಿತವೇ. ಸಹಾಯಕ ಲೋಕೋ ಪೈಲಟ್ ಆಗಬೇಕಾದವರಿಗೆ ಕನ್ನಡಕವಿಲ್ಲದೆ ಎರಡೂ ಕಣ್ಣುಗಳಲ್ಲಿ 6/6 ದೃಷ್ಟಿ ಇರಬೇಕು. ಅಷ್ಟೇ ಅಲ್ಲ, ಅವರ ಕಣ್ಣೆದುರು ಎರಡು ಡಯಾಪ್ಟರ್ ಶಕ್ತಿಯ ಪೀನ ಮಸೂರವಿಟ್ಟು ಮತ್ತೆ ಓದಿಸುತ್ತಾರೆ. ಮಸೂರವಿಟ್ಟಾಗ ಅಕ್ಷರ ಮಸುಕಾಗುವುದೇ ಇಲ್ಲಿ ಅಪೇಕ್ಷಿತ ಉತ್ತರ. ಮಸುಕಾಗದೆ ಸ್ಪಷ್ಟವಾಗಿಯೇ ಕಂಡರೆ ಆ ಕಣ್ಣಿನಲ್ಲಿ ದೂರದೃಷ್ಟಿ ದೋಷ ಅಡಗಿದೆಯೆಂದು ಅರ್ಥ: ಹರೆಯದಲ್ಲಿ ಕಣ್ಣೊಳಗಿನ ಮಸೂರ ಮೆತ್ತಗಿರುವುದರಿಂದ ಅದು ಉಬ್ಬಿ ದೋಷವನ್ನು ಮರೆಮಾಚುತ್ತಿರುತ್ತದೆ, ವಯಸ್ಸಾದಂತೆ ಆ ಶಕ್ತಿ ಕುಂದಿ ದೋಷ ಹೊರಬೀಳುತ್ತದೆ. ಇಂದು ಸರಿಯಾಗಿ ಕಾಣುವ ಕಣ್ಣು ನಲವತ್ತೈದರ ವಯಸ್ಸಿನಲ್ಲಿ ಹೇಗಿದ್ದೀತೆಂದು ಇಂದೇ ಕೇಳುವ ಈ ಪರೀಕ್ಷೆಯನ್ನು ನಾನು ಬಹಳ ಮೆಚ್ಚುತ್ತೇನೆ.

ಬಣ್ಣದೃಷ್ಟಿಯ ಪರೀಕ್ಷೆಗೂ ರೈಲಿಗೂ ಹಳೆಯ ನಂಟು. 1875ರಲ್ಲಿ ಸ್ವೀಡನ್ನಿನ ಲಾಗರ್ಲುಂಡ ಎಂಬಲ್ಲಿ ಎರಡು ರೈಲುಗಳು ಡಿಕ್ಕಿಯಾದವು. ಸಿಬ್ಬಂದಿಗೆ ಸಂಕೇತದ ಬಣ್ಣ ತಿಳಿಯಲಿಲ್ಲವೆಂದು ಶರೀರಶಾಸ್ತ್ರಜ್ಞ ಫ್ರಿಟಿಯೋಫ್ ಹೋಮ್‌ಗ್ರೆನ್ ಶಂಕಿಸಿದರು, ಬಣ್ಣಬಣ್ಣದ ಉಣ್ಣೆಯ ಎಳೆಗಳನ್ನು ಹೊಂದಿಸಿ ಇಡಿಸುವ ಪರೀಕ್ಷೆಯನ್ನು ರೈಲ್ವೆಗಳಲ್ಲಿ ಜಾರಿಗೆ ತರಿಸಿದರು. ಅಪಘಾತಕ್ಕೆ ಬಣ್ಣಗುರುಡೇ ಕಾರಣವಾಗಿತ್ತೇ ಎಂಬುದರ ಬಗ್ಗೆ ಇಂದಿನ ಸಂಶೋಧಕರಿಗೆ ಅನುಮಾನವಿದೆ, ಆದರೆ ಪರೀಕ್ಷೆಯ ಪದ್ಧತಿ ಉಳಿದುಕೊಂಡಿತು. ಈಗ ನಮ್ಮ ಆಸ್ಪತ್ರೆಗಳಲ್ಲಿ ಬಳಸುವ ಚುಕ್ಕೆಗಳ ಪುಸ್ತಕವನ್ನು ಜಪಾನಿನ ಶಿನೋಬು ಇಶಿಹಾರ 1917ರಲ್ಲಿ ಪ್ರಕಟಿಸಿದರು. ಅದರ ಮೊದಲ ಪುಟದ 12 ಎಲ್ಲರಿಗೂ ಕಾಣುತ್ತದೆ, ಏಕೆಂದರೆ ಅದು ಅಭ್ಯರ್ಥಿಗೆ ಪರೀಕ್ಷೆಯ ರೀತಿ ತಿಳಿಯಿತೇ ಎಂದು ನೋಡಲು ಇರುವ ಪುಟ. ಸಾಮಾನ್ಯರಿಗೆ 74 ಎಂದು ಕಾಣುವ ಪುಟವೊಂದು ಕೆಂಪು ಹಸಿರುಗಳನ್ನು ಬೇರ್ಪಡಿಸಲಾಗದವರಿಗೆ 21 ಎಂದು ಕಾಣುತ್ತದೆ. ಸಾಮಾನ್ಯ ದೃಷ್ಟಿಯವರಿಗೆ ಏನೂ ಕಾಣದೆ, ದೋಷವಿದ್ದವರಿಗೆ ಮಾತ್ರ ಅಂಕಿ ಕಾಣುವ ಪುಟಗಳೂ ಇವೆ. ಸುಳ್ಳು ಹೇಳಿ ಪಾರಾಗಲು ಬಯಸುವವರು ಎಡವುವುದು ಇಂಥಲ್ಲಿ.

ಕಣ್ಣಿನ ಅಕ್ಷಿಪಟಲದಲ್ಲಿ ಬಣ್ಣ ಗ್ರಹಿಸುವ ಮೂರು ಬಗೆಯ ಶಂಕುಕೋಶಗಳಿವೆ. ಅವುಗಳಲ್ಲಿ ಕೆಂಪು ಮತ್ತು ಹಸಿರಿಗೆ ಸ್ಪಂದಿಸುವ ವರ್ಣಕಗಳ ವಂಶವಾಹಿಗಳು ಎಕ್ಸ್ ವರ್ಣತಂತುವಿನ ಮೇಲೆ ಅಕ್ಕಪಕ್ಕದಲ್ಲಿವೆ. ಗಂಡಸರಿಗೆ ಎಕ್ಸ್ ಒಂದೇ ಇರುವುದರಿಂದ ಅದರಲ್ಲಿ ದೋಷವಿದ್ದರೆ ತುಂಬಿಕೊಡಲು ಇನ್ನೊಂದಿಲ್ಲ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಶೇ. 8ರಷ್ಟು ಮಂದಿಗೆ ಈ ಕೊರತೆಯಿದ್ದರೆ ಹೆಂಗಸರಲ್ಲಿ ಅದು ಶೇ. 0.5ರಷ್ಟು ಮಾತ್ರ. ಪರಮಾಣುವಾದದ ಜಾನ್ ಡಾಲ್ಟನ್ 1794ರಲ್ಲಿ ತನ್ನ ಬಣ್ಣದೃಷ್ಟಿಯ ಕೊರತೆಯನ್ನೇ ವಿವರಿಸಿದ್ದ. ಆತನ ಕಾಪಿಟ್ಟ ಕಣ್ಣಿನ ಡಿಎನ್‌ಎಯನ್ನು 1995ರಲ್ಲಿ ಪರೀಕ್ಷಿಸಿದಾಗ ಹಸಿರಿನ ವರ್ಣಕದ ವಂಶವಾಹಿ ಇರಲಿಲ್ಲವೆಂದು ತಿಳಿಯಿತು. ಇಂಥವರಲ್ಲಿ ಬಹುತೇಕರಿಗೆ ಪರೀಕ್ಷೆಯ ದಿನದವರೆಗೂ ತಮ್ಮ ಕೊರತೆಯ ಅರಿವೇ ಇರುವುದಿಲ್ಲ. ಹುಟ್ಟಿನಿಂದ ಕಂಡದ್ದೇ ಹಾಗೆ ಆದಾಗ ಹೋಲಿಸಿ ನೋಡಲು ಬೇರೆ ಆಧಾರವೆಲ್ಲಿಂದ ಬರಬೇಕು?

ಮಳೆಗಾಲದ ರಾತ್ರಿ ಲೋಂಡಾ ದಾಟಿ ಕ್ಯಾಸಲ್‌ರಾಕ್‌ನತ್ತ ಸಾಗುವ ರೈಲಿನ ಚಾಲಕನಿಗೆ ದೂರದ ದೀಪದ ಬಣ್ಣವೇ ಆಧಾರವಾದ್ದರಿಂದ ಅಲ್ಲಿ ಈ ನಿಯಮದಲ್ಲಿ ರಿಯಾಯಿತಿ ಸಲ್ಲದು. ಅದೇ ಕೊರತೆ ಹಿರೇಕೆರೂರಿನ ಗ್ರಾಮ ಆಡಳಿತಾಧಿಕಾರಿಯ ಕೆಲಸಕ್ಕೆ ಏನು ಅಡ್ಡಿ ಮಾಡೀತು? ಬಣ್ಣದೃಷ್ಟಿಯ ಕೊರತೆಯ ಕಾರಣಕ್ಕೆ ತಮಿಳುನಾಡಿನ ವಿದ್ಯುತ್ ನಿಗಮದಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ ನಿರಾಕರಿಸಲ್ಪಟ್ಟ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಅಭ್ಯರ್ಥಿಯ ಪರವಾಗಿ ತೀರ್ಪು ನೀಡಿತು. ಅಂಥವರಿಗೆ ಹೊಂದುವಂತೆ ಕೆಲಸದ ವ್ಯವಸ್ಥೆ ಮಾಡಿಕೊಡುವ ಹೊಣೆ ಸಂಸ್ಥೆಯ ಮೇಲಿದೆ ಎಂಬುದು ಅದರ ತಿರುಳು. ಕೊರತೆಯನ್ನು ಹುದ್ದೆಯ ಕೆಲಸದೊಂದಿಗೆ ತೂಗಿ ನೋಡದೆ ಹೊರಡಿಸಿದ ‘ಅನರ್ಹ’ ಎಂಬ ಷರಾದಲ್ಲಿ ವಿಜ್ಞಾನವೂ ಇಲ್ಲ, ನ್ಯಾಯವೂ ಇಲ್ಲ.

ಅತಿ ಹೆಚ್ಚು ಜನರನ್ನು ಕಂಗೆಡಿಸುವುದು ರಕ್ತದೊತ್ತಡ. ರೋಣದಿಂದ ಬೆಳಗಿನ ಬಸ್ಸು ಹಿಡಿದು ಗದಗಿನ ಆಸ್ಪತ್ರೆಗೆ ಬರುವ ಅಭ್ಯರ್ಥಿಯನ್ನು ಕಲ್ಪಿಸಿಕೊಳ್ಳಿ. ರಾತ್ರಿ ನಿದ್ದೆಯಾಗಿಲ್ಲ, ಆಸ್ಪತ್ರೆ ಎದುರಿನ ಅಂಗಡಿಯಲ್ಲಿ ಚಹಾ ಕುಡಿದಿದ್ದಾನೆ, ಸರದಿ ತಪ್ಪೀತೆಂದು ಮೂತ್ರಕ್ಕೂ ಹೋಗದೆ ನಿಂತಿದ್ದಾನೆ, ಕೊನೆಗೆ ಮೆಟ್ಟಿಲು ಹತ್ತಿ ಬಂದವನನ್ನು ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ ಕೂರಿಸಿ ತೋಳಿಗೆ ಪಟ್ಟಿ ಸುತ್ತುತ್ತಾರೆ, ಸುತ್ತುತ್ತಲೇ ಊರು, ಹೆಸರು ಕೇಳುತ್ತಾರೆ. ಇವುಗಳಲ್ಲಿ ಪ್ರತಿಯೊಂದೂ ಅಂಕಿಯನ್ನು ಮೇಲಕ್ಕೆ ತಳ್ಳಬಲ್ಲದು. ತುಂಬಿದ ಮೂತ್ರಕೋಶ, ಅಳತೆಯ ನಡುವಿನ ಮಾತು, ಆಸರೆಯಿಲ್ಲದೆ ಜೋತುಬಿದ್ದ ತೋಳು ಇವು ಒಂದೊಂದೂ ಅಂಕಿಯನ್ನು ಪಾದರಸದ ಹತ್ತು ಮಿಲಿಮೀಟರಿನವರೆಗೂ ಏರಿಸಿಯಾವು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ತಪ್ಪು ಇನ್ನೂ ದೊಡ್ಡದಾಗುತ್ತದೆ. ಇದರ ಮೇಲೆ ವೈದ್ಯರನ್ನು ಕಂಡೊಡನೆ ಒತ್ತಡ ಏರುವ, ‘ವೈಟ್ ಕೋಟ್’ ಎಂದು ಹೆಸರಾದ ಪ್ರತಿಕ್ರಿಯೆ ಬೇರೆ. ಹಲವು ವರ್ಷಗಳ ಓದು ಈ ಒಂದು ಅಳತೆಯ ಮೇಲೆ ನಿಂತಿದೆಯೆಂದು ನಂಬಿದವನ ಅಡ್ರಿನಲಿನ್ ಸುಮ್ಮನಿರುವುದಾದರೂ ಹೇಗೆ?

ನಿಯಮ ಬರೆದವರಿಗೆ ಇದು ಗೊತ್ತಿತ್ತು. ವ್ಯಾಯಾಮ ಅಥವಾ ಉದ್ವೇಗದ ಬಳಿಕ ಹದಿನೈದು ನಿಮಿಷದೊಳಗೆ ರಕ್ತದೊತ್ತಡ ಅಳೆಯಬಾರದೆಂದು ಕೇಂದ್ರ ನಾಗರಿಕ ಸೇವೆಗಳ ನಿಯಮ ಹೇಳುತ್ತದೆ. 140/90ಕ್ಕಿಂತ ಮೇಲಿದ್ದರೆ ಅದನ್ನು ಸಂಶಯಾಸ್ಪದವೆಂದು ಮಾತ್ರ ಪರಿಗಣಿಸಿ, ಅಭ್ಯರ್ಥಿಯನ್ನು ಆಸ್ಪತ್ರೆಯಲ್ಲಿರಿಸಿಕೊಂಡು, ಏರಿಕೆ ಉದ್ವೇಗದಿಂದ ಬಂದ ತಾತ್ಕಾಲಿಕವಾದದ್ದೋ ಅಥವಾ ಅಂಗಾಂಗದ ರೋಗದಿಂದ ಬಂದದ್ದೋ ಎಂದು ತಿಳಿದ ಮೇಲಷ್ಟೇ ಅಂತಿಮ ಅಭಿಪ್ರಾಯ ಕೊಡಬೇಕೆಂದು ಅದು ವೈದ್ಯಮಂಡಳಿಗೆ ಸೂಚಿಸುತ್ತದೆ. ಇಂದು ಮನೆಯಲ್ಲಿ ಅಳೆದ ದಾಖಲೆ, 24 ಗಂಟೆ ತೋಳಿನಲ್ಲೇ ಇದ್ದು ಅಳೆಯುವ ಉಪಕರಣ ಇವೂ ನೆರವಿಗಿವೆ. ಐದು ನಿಮಿಷ ಸುಮ್ಮನೆ ಕೂರಿಸಿ, ತೋಳನ್ನು ಹೃದಯದ ಮಟ್ಟಕ್ಕೆ ಮೇಜಿನ ಮೇಲೆ ಇರಿಸಿ, ಎರಡು ಸಲ ಅಳೆಯಲು ಹೊಸ ಯಂತ್ರವೇನೂ ಬೇಡ, ಒಂದು ಸರಿಯಾದ ಕುರ್ಚಿ ಸಾಕು. ದಿನಕ್ಕೆ ಹತ್ತಾರು ಅಭ್ಯರ್ಥಿಗಳನ್ನು ನೋಡಬೇಕಾದ ವೈದ್ಯರಿಗೆ ಸಮಯದ ಅಭಾವವಿರುವುದು ನಿಜ, ಆದರೂ ಈ ಹತ್ತು ನಿಮಿಷವನ್ನು ಉಳಿಸಬಾರದು.

ಮೂತ್ರ ಪರೀಕ್ಷೆಯಲ್ಲೂ ಇಂಥದೇ ಸೂಕ್ಷ್ಮಗಳಿವೆ. ಪೊಲೀಸ್ ಹುದ್ದೆಯ 1600 ಮೀಟರ್ ಓಟಕ್ಕಾಗಿ ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಬೆಳಿಗ್ಗೆ ಬಿರುಸಾಗಿ ಓಡಿ ನೇರ ಆಸ್ಪತ್ರೆಗೆ ಬಂದವರ ಮೂತ್ರದಲ್ಲಿ ಪ್ರೋಟೀನ್, ಕೆಲವೊಮ್ಮೆ ರಕ್ತಕಣಗಳೂ ಕಾಣಿಸಿಕೊಳ್ಳಬಹುದು. ಒಂದೆರಡು ದಿನದ ವಿಶ್ರಾಂತಿಯಲ್ಲಿ ಅದು ಮಾಯವಾಗುತ್ತದೆ. ಹರೆಯದ ಕೆಲವರಲ್ಲಿ ನಿಂತು ಓಡಾಡುವಾಗ ಮಾತ್ರ ಪ್ರೋಟೀನ್ ಸೋರಿ, ಮಲಗಿದಾಗ ನಿಂತುಹೋಗುತ್ತದೆ. ಇದು ಅಪಾಯವಿಲ್ಲದ ಸ್ಥಿತಿ. ಬೆಳಿಗ್ಗೆ ಎದ್ದೊಡನೆ ಹಿಡಿದ ಮೊದಲ ಮೂತ್ರದಲ್ಲಿ ಪ್ರೋಟೀನ್ ಇಲ್ಲದಿದ್ದರೆ ವಿಷಯ ತಿಳಿಯಾಗುತ್ತದೆ. ಮುಟ್ಟಿನ ದಿನಗಳಲ್ಲಿ ಕೊಟ್ಟ ಮಾದರಿಯಲ್ಲಿ ರಕ್ತ ಬೆರೆಯುವುದು ಸಹಜ, ಅದನ್ನು ಪ್ರಯೋಗಾಲಯದವರಿಗೆ ಸಂಕೋಚವಿಲ್ಲದೆ ಹೇಳಬೇಕು. ಸಕ್ಕರೆಯ ವಿಷಯವೂ ಹಾಗೆಯೇ: ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದಾಗ ಮೂತ್ರಕ್ಕೆ ಇಳಿಯುವುದು ಸಾಮಾನ್ಯ ಕ್ರಮವಾದರೂ, ಕೆಲವರ ಮೂತ್ರಪಿಂಡದಲ್ಲಿ ಆ ಮಿತಿ ಹುಟ್ಟಿನಿಂದಲೇ ಕೆಳಗಿರುತ್ತದೆ. ಅವರಿಗೆ ಮಧುಮೇಹವಿರುವುದಿಲ್ಲ.

ಈ ಗೊಂದಲದ ಮೂಲ ಒಂದು ಸರಳ ಗಣಿತದಲ್ಲಿದೆ. ಸಾವಿರ ಅಭ್ಯರ್ಥಿಗಳಲ್ಲಿ ಹತ್ತು ಮಂದಿಗೆ ಒಂದು ರೋಗವಿದೆ ಎಂದಿಟ್ಟುಕೊಳ್ಳೋಣ. ರೋಗವಿದ್ದವರಲ್ಲಿ ನೂರಕ್ಕೆ ತೊಂಬತ್ತನ್ನು ಹಿಡಿಯುವ, ಇಲ್ಲದವರಲ್ಲಿ ನೂರಕ್ಕೆ ಐದು ಮಂದಿಯನ್ನು ಮಾತ್ರ ತಪ್ಪಾಗಿ ಬೊಟ್ಟುಮಾಡುವ ಒಳ್ಳೆಯ ಪರೀಕ್ಷೆ ನಮ್ಮ ಬಳಿ ಇದೆ. ಅದು ನಿಜವಾದ ಒಂಬತ್ತು ರೋಗಿಗಳನ್ನು ಹಿಡಿಯುತ್ತದೆ, ಉಳಿದ 990 ಆರೋಗ್ಯವಂತರಲ್ಲಿ ಸುಮಾರು 50 ಮಂದಿಯನ್ನೂ ಹಿಡಿಯುತ್ತದೆ. ಹಾಗಾದರೆ ‘ದೋಷವಿದೆ’ ಎಂದು ಬಂದ 59 ವರದಿಗಳಲ್ಲಿ 50 ವರದಿಗಳು ಆರೋಗ್ಯವಂತರವು. ರೋಗ ಅಪರೂಪವಾಗಿರುವ ಗುಂಪಿನಲ್ಲಿ, ಅಂದರೆ ಇಪ್ಪತ್ತರ ಹರೆಯದ ಅಭ್ಯರ್ಥಿಗಳಲ್ಲಿ, ಎಂಥ ಪರೀಕ್ಷೆಯೂ ಹೀಗೆಯೇ ವರ್ತಿಸುತ್ತದೆ. ಮೊದಲ ಪರೀಕ್ಷೆ ಯಾರನ್ನು ಇನ್ನಷ್ಟು ನೋಡಬೇಕೆಂದು ಆರಿಸುತ್ತದೆ, ಎರಡನೆಯ ಪರೀಕ್ಷೆ ರೋಗವನ್ನು ನಿರ್ಧರಿಸುತ್ತದೆ. ಕೇಂದ್ರದ ನೇಮಕಾತಿಯಲ್ಲಿ ಅನರ್ಹತೆಯ ವರದಿ ತಿಳಿಸಿದ ಒಂದು ತಿಂಗಳೊಳಗೆ, ವೈದ್ಯರ ಪ್ರಮಾಣಪತ್ರದ ಆಧಾರ ಸಹಿತ ಮೇಲ್ಮನವಿ ಸಲ್ಲಿಸಲು ಅವಕಾಶವಿರುವುದು ಇದಕ್ಕಾಗಿಯೇ.

ಕೇಳಬಾರದ ಪರೀಕ್ಷೆಯೂ ಒಂದಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಉದ್ಯೋಗಕ್ಕೆ ಪೂರ್ವಷರತ್ತಾಗಿ ಎಚ್‌ಐವಿ ಪರೀಕ್ಷೆ ಕೇಳುವುದು ನಿಷಿದ್ಧ. ಇನ್ನು ಗರ್ಭಿಣಿಯರು ಎದೆಯ ಎಕ್ಸ್‌ರೇ ತೆಗೆಯುವ ಮುನ್ನ ಆ ವಿಷಯವನ್ನು ತಿಳಿಸಲೇಬೇಕು.

ಅಭ್ಯರ್ಥಿಗಳು ತಾವಾಗಿ ಮಾಡಿಕೊಳ್ಳುವ ಒಂದು ಅಪಾಯದ ಬಗ್ಗೆ ನನಗೆ ನಿಜವಾಗಿಯೂ ಕಳವಳವಿದೆ. ತಪಾಸಣೆಯ ಬೆಳಿಗ್ಗೆ ಯಾರದೋ ಮಾತು ಕೇಳಿ ಮನೆಯ ಹಿರಿಯರ ಬಿ.ಪಿ. ಗುಳಿಗೆ ನುಂಗುವುದು, ಹಳೆಯ ಫಿಟ್ಸ್ ಕಾಯಿಲೆಯನ್ನು ಮುಚ್ಚಿಡುವುದು ಮುಂತಾದವು ಅಂಕಿಯನ್ನು ಸರಿಪಡಿಸಿದರೂ ದೇಹವನ್ನು ಸರಿಪಡಿಸುವುದಿಲ್ಲ. ವಾಯವ್ಯ ಸಾರಿಗೆಯ ಬಸ್ಸಿನ ಚಾಲಕನಿಗೆ ಫಿಟ್ಸ್ ಬಂದರೆ ಅದರ ಬೆಲೆ ತೆರುವವರು ಹಿಂದೆ ಕೂತ ಐವತ್ತು ಜನ. ಕೇಂದ್ರದ ನಿಯಮದಲ್ಲಿ, ತಿಳಿದೂ ಮಾಹಿತಿ ಮುಚ್ಚಿಟ್ಟವರು ನೇಮಕಾತಿಯನ್ನಷ್ಟೇ ಅಲ್ಲದೆ ಪಿಂಚಣಿ, ಗ್ರಾಚ್ಯುಟಿಗಳ ಹಕ್ಕನ್ನೂ ಕಳೆದುಕೊಳ್ಳುವ ಸಂಭವವಿದೆ.

ರೈಲ್ವೆಯ ವೈದ್ಯಕೀಯ ಕೈಪಿಡಿಯಲ್ಲಿ ರೈಲು ಓಡಿಸುವ ವರ್ಗದವರಿಗೆ 45 ವರ್ಷದವರೆಗೆ ನಾಲ್ಕು ವರ್ಷಕ್ಕೊಮ್ಮೆ, 55ರವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮರುತಪಾಸಣೆ ವಿಧಿಸಲಾಗಿದೆ. ಮೇಜಿನ ಮುಂದೆ ಕೂತು ಕೆಲಸ ಮಾಡುವವರಲ್ಲಿ ಬಹಳಷ್ಟು ಮಂದಿಗೆ ಇಂಥ ಕಟ್ಟುನಿಟ್ಟಿಲ್ಲ, ನೇಮಕದ ಕಡತಕ್ಕೆ ಸೇರಿದ ವರದಿಯನ್ನು ಮತ್ತೆ ಯಾರೂ ತೆರೆದು ನೋಡುವುದಿಲ್ಲ. ಆ ದಿನದ ತೂಕ, ರಕ್ತದೊತ್ತಡ, ರಕ್ತದ ಸಕ್ಕರೆ ಮತ್ತು ಎರಡೂ ಕಣ್ಣಿನ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಅಭ್ಯರ್ಥಿಯ ಕೈಗೂ ಕೊಡುವ ಪದ್ಧತಿ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಬರಬೇಕು. ಹತ್ತು ವರ್ಷದ ನಂತರ ಹಾವೇರಿಯ ಯಾವುದೋ ಕಚೇರಿಯ ಗುಮಾಸ್ತರ ಒತ್ತಡ 138 ಎಂದು ಬಂದಾಗ, ಇಪ್ಪತ್ತೈದರ ವಯಸ್ಸಿನಲ್ಲಿ ಅದು 112 ಇತ್ತೋ 136 ಇತ್ತೋ ಎಂಬುದು ತಿಳಿದಿದ್ದರೆ ವೈದ್ಯರು ಕೊಡುವ ಸಲಹೆಯೇ ಬೇರೆಯಾಗುತ್ತದೆ.