ಹಾವರ್ತ್‌ನ ಜನ ಯಾಕೆ ಅಷ್ಟು ಬೇಗ ಸಾಯುತ್ತಿದ್ದರು?

ವಿಕ್ಟೋರಿಯಾ ರಾಣಿ ಕಾಲದ ಇಂಗ್ಲೆಂಡಿನಲ್ಲಿ ಕೊಳಕು, ರೋಗ ಎಲ್ಲ ಲಂಡನ್ನಿನಂಥ ದೊಡ್ಡ ಪಟ್ಟಣಗಳ ಪಾಡು ಅಂತ ನಾವು ಅಂದುಕೊಂಡಿರುತ್ತೇವೆ. ಯಾರ್ಕ್‌ಶೈರಿನ ಹಾವರ್ತ್ ಹಾಗಲ್ಲ. ಬೆಟ್ಟದ ಮೇಲಿನ ಸಣ್ಣ ಊರು, ಗಾಳಿಗಂತೂ ಬರವೇ ಇಲ್ಲ. ಆದರೂ 1850ರ ಸರ್ಕಾರಿ ವರದಿ ಪ್ರಕಾರ ಇಲ್ಲಿ ಸತ್ತವರ ಸರಾಸರಿ ವಯಸ್ಸು 25.8 ವರ್ಷ.

ಹಾಗಂತ ಎಲ್ಲರೂ ಇಪ್ಪತ್ತೈದಕ್ಕೇ ಹೋಗುತ್ತಿದ್ದರು ಅಂತಲ್ಲ. ಸತ್ತವರಲ್ಲಿ ನೂರಕ್ಕೆ 41.6 ಜನ ಆರು ವರ್ಷ ತುಂಬದ ಮಕ್ಕಳು. ಸರಾಸರಿ ಕುಸಿದದ್ದು ಅದಕ್ಕೇ. ಬಾಲ್ಯ ದಾಟಿದವರಲ್ಲಿ ಮುಪ್ಪಿನವರೆಗೆ ಬದುಕಿದವರೂ ಇದ್ದರು.

ವರದಿ ಬರೆದವರು ಬೆಂಜಮಿನ್ ಹರ್ಷೆಲ್ ಬ್ಯಾಬೇಜ್. ಲೆಕ್ಕದ ಯಂತ್ರಕ್ಕೆ ಹೆಸರಾದ ಚಾರ್ಲ್ಸ್ ಬ್ಯಾಬೇಜರ ಮಗ. ಊರೆಲ್ಲ ಸುತ್ತಿ ಎಣಿಸಿದರೆ ಸಿಕ್ಕಿದ್ದು ಬರೀ 69 ಕಕ್ಕಸು, ಒಳಚರಂಡಿಯ ಮಾತೇ ಇಲ್ಲ, ಮನೆಗಳ ಪಕ್ಕದಲ್ಲೇ ತಿಪ್ಪೆ, ಅದರಿಂದ ಇಳಿದ ಗಲೀಜೆಲ್ಲ ಬೀದಿಗೆ. ನೀರಿನ ಕಥೆ ಇನ್ನೂ ಕೆಟ್ಟದ್ದು. ಬೇಸಿಗೆಯಲ್ಲಿ ಒಂದು ಬಾವಿಯ ನೀರು ಎಷ್ಟು ಹಸಿರುಗಟ್ಟಿ ನಾರುತ್ತಿತ್ತೆಂದರೆ ದನಗಳೂ ಬಾಯಿ ಹಾಕುತ್ತಿರಲಿಲ್ಲ. ಆ ನೀರಿಗೂ ಬಡ ಹೆಂಗಸರು ಸೋಮವಾರದ ಬಟ್ಟೆ ಒಗೆತಕ್ಕೆ ಅಂತ ರಾತ್ರಿ 2 ಗಂಟೆಗೇ ಎದ್ದು ಹೋಗಿ ಕಾಯಬೇಕಿತ್ತು. ಊರ ಮೇಲ್ಭಾಗದಲ್ಲಿ ಚರ್ಚಿನ ಸ್ಮಶಾನ ಬೇರೆ. ಹತ್ತೇ ವರ್ಷದಲ್ಲಿ ಅಲ್ಲಿ 1,344 ಹೆಣ ಹೂತಿದ್ದರು. ಉಣ್ಣೆ ಬಾಚುವವರು ಮನೆಯೊಳಗೇ ಒಲೆ ಉರಿಸಿ ಕಿಟಕಿ ಮುಚ್ಚಿ ಕೆಲಸ ಮಾಡುತ್ತಿದ್ದರು. ಹೊರಗಿನ ಬೆಟ್ಟದ ಗಾಳಿ ಅವರಿಗೆ ಎಲ್ಲಿಂದ ಬರಬೇಕು?

ಈ ತಪಾಸಣೆ ಸುಮ್ನೆ ಆಗಿದ್ದಲ್ಲ. 1848ರ ಸಾರ್ವಜನಿಕ ಆರೋಗ್ಯ ಕಾಯ್ದೆಯಲ್ಲಿ ಎರಡು ದಾರಿ ಇತ್ತು. ತೆರಿಗೆ ಕಟ್ಟುವವರಲ್ಲಿ ಹತ್ತನೇ ಒಂದು ಪಾಲು ಜನ ಅರ್ಜಿ ಹಾಕಬೇಕು, ಇಲ್ಲವೇ ವರ್ಷಕ್ಕೆ ಸಾವಿರಕ್ಕೆ 23ಕ್ಕಿಂತ ಜಾಸ್ತಿ ಸಾವು ಇರಬೇಕು. ಹಾವರ್ತ್‌ನಿಂದ 1849ರಲ್ಲಿ ಅರ್ಜಿಯೇ ಹೋಯಿತು. ಅದರ ಮುಂದಾಳು ಊರಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟಿ, ಕಾದಂಬರಿ ಬರೆದ ಬ್ರಾಂಟಿ ಸೋದರಿಯರ ತಂದೆ. ಹಿಂದಿನ ಒಂದು ವರ್ಷದೊಳಗೆ ಅವರ ಮೂವರು ಮಕ್ಕಳು ತೀರಿಕೊಂಡಿದ್ದರು. ಸ್ಮಶಾನದಿಂದ ಇಳಿದು ಬಂದ ನೀರೇ ಅವರನ್ನು ಕೊಂದಿತು ಅಂತ ಕೆಲವರು ಬರೆಯುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಎಮಿಲಿ, ಆ್ಯನ್ ಇಬ್ಬರದ್ದೂ ಕ್ಷಯ, ಅದು ಕುಡಿಯುವ ನೀರಿನಿಂದ ಬರುವ ಕಾಯಿಲೆಯಲ್ಲ.

ರೋಗಾಣುವಿನಿಂದ ಕಾಯಿಲೆ ಬರುತ್ತದೆ ಅನ್ನೋದು ಆಗಿನ್ನೂ ಒಪ್ಪಿತವಾಗಿರಲಿಲ್ಲ, ಕೆಟ್ಟ ವಾಸನೆಯೇ ರೋಗ ತರುತ್ತದೆ ಅಂತಲೇ ಹೆಚ್ಚಿನವರ ನಂಬಿಕೆ. ಕಾರಣ ತಪ್ಪಾಗಿದ್ದರೂ ಬ್ಯಾಬೇಜ್ ಹೇಳಿದ ಮದ್ದು ಸರಿಯಾಗಿತ್ತು: ಒಳಚರಂಡಿ ಹಾಕಿ, ಒಳ್ಳೆ ನೀರು ಕೊಡಿ, ಹಳೇ ಸ್ಮಶಾನ ಮುಚ್ಚಿ.

ಅಡ್ಡ ಬಂದದ್ದು ದುಡ್ಡು. ಖರ್ಚು ಬೀಳುತ್ತಿದ್ದುದು ಆಸ್ತಿಯವರ ತೆರಿಗೆಗೆ, ಬಾವಿ ಮುಂದೆ ಸಾಲು ನಿಲ್ಲುತ್ತಿದ್ದವರು ಬೇರೆಯವರು. ಇನ್ನೇನಾಗುತ್ತೆ, ಅಲ್ವಾ? ವಿರೋಧ ಎದ್ದಿತು, ಕೆಲಸ ಎಳೆಯಿತು, ಬ್ರಾಂಟಿ ಮತ್ತೆ ಮತ್ತೆ ಪತ್ರ ಬರೆದರು. ಊರಿಗೆ ನೀರು ಕೊಡುವ ಜಲಾಶಯ ಆಗಿದ್ದು 1858ರಲ್ಲಿ, ಅರ್ಜಿ ಹಾಕಿದ 9 ವರ್ಷದ ಮೇಲೆ.