ಮಂಗ ಮನುಷ್ಯನಾದದ್ದನ್ನು ಯಾರು ನೋಡಿದ್ದಾರೆ?

ಮುಂಬಯಿಯ ನಮ್ಮ ಕನ್ನಡ ಸಂಘಗಳಲ್ಲಿ ವಿಕಾಸವಾದದ ಮಾತು ಬಂದರೆ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ: "ಮಂಗ ಮನುಷ್ಯನಾದದ್ದನ್ನು ಕಣ್ಣಾರೆ ಕಂಡವರು ಯಾರಿದ್ದಾರೆ ಸ್ವಾಮಿ?" ಕೇಳುವವರು ದಡ್ಡರಲ್ಲ. ಉತ್ತರ ಅವರಿಗೆ ಶಾಲೆಯಲ್ಲಿ ಸಿಕ್ಕಿಲ್ಲ, ಅಷ್ಟೇ. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಪಾಠವನ್ನೇ ಕೈಬಿಟ್ಟಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದರು. ಅವರ ಸಿಟ್ಟು ನ್ಯಾಯವಾದದ್ದು. ಹತ್ತರ ನಂತರ ಕಾಮರ್ಸ್ ಹಿಡಿದ ಮಗು ಇದನ್ನು ಇನ್ನೆಲ್ಲಿ ಓದಬೇಕು?

ಇವತ್ತಿನ ಮಂಗ ಮನುಷ್ಯನಾಗಲಿಲ್ಲ. ಇಬ್ಬರಿಗೂ ಪೂರ್ವಜರು ಒಬ್ಬರೇ. ಒಂದು ಪ್ರಭೇದ ಒಡೆದು ಎರಡಾಗಲು ಸಾಮಾನ್ಯವಾಗಿ ಸಾವಿರಾರು, ಲಕ್ಷಾಂತರ ವರ್ಷ ಬೇಕು. ಒಂದು ಜನ್ಮದಲ್ಲಿ ಕೂತು ನೋಡಿ ಮುಗಿಸುವಂಥದ್ದಲ್ಲ. ಆದರೆ ಆ ನಡುವಿನ ಹಂತಗಳೆಲ್ಲ ಈಗಲೇ, ಸಾಲಾಗಿ, ಜೀವಂತವಾಗಿ ಸಿಕ್ಕರೆ? ಅಂಥ ಒಂದು ಹಕ್ಕಿ ಪ್ರತಿ ಚಳಿಗಾಲ ಮುಂಬಯಿಗೇ ಬರುತ್ತದೆ.

ಹೆಸರು ಗ್ರೀನಿಶ್ ವಾರ್ಬ್ಲರ್. ಮಳೆ ಕಡಿಮೆಯಾಗುತ್ತಿದ್ದಂತೆ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಬಂದಿಳಿಯುತ್ತದೆ. ಗುಬ್ಬಿಗಿಂತ ಚಿಕ್ಕದು, ತೂಕ ಎಂಟು ಗ್ರಾಂ ಆಸುಪಾಸು. ಮಾಸಲು ಹಸಿರು ಮೈ, ತಿಳಿ ಬಣ್ಣದ ಹುಬ್ಬು, ರೆಕ್ಕೆಯ ಮೇಲೆ ಒಂದು ಸಣ್ಣ ಬಿಳಿ ಗೆರೆ. ಎಲೆಗಳ ಸಂದಿಯಲ್ಲಿ ಹುಳ ಹುಡುಕುತ್ತ ಒಂದು ಗಳಿಗೆಯೂ ಸುಮ್ನೆ ಕೂರುವುದಿಲ್ಲ. ಕಣ್ಣಿಗೆ ಬೀಳುವ ಮೊದಲೇ "ಚಿಸ್ವೀ, ಚಿಸ್ವೀ" ಅಂತ ಕೇಳಿಸುತ್ತದೆ.

ಬೇಸಿಗೆಯಲ್ಲಿ ಇವು ಹಿಮಾಲಯದಿಂದ ಸೈಬೀರಿಯಾದವರೆಗಿನ ಕಾಡುಗಳಲ್ಲಿ ಮರಿ ಮಾಡುತ್ತವೆ. ನಡುವೆ ಟಿಬೆಟ್ ಪ್ರಸ್ಥಭೂಮಿ. ಅಲ್ಲಿ ಇವುಗಳಿಗೆ ಬೇಕಾದ ಮರಗಳಿಲ್ಲ. ಹಾಗಾಗಿ ದಕ್ಷಿಣದಿಂದ ಉತ್ತರಕ್ಕೆ ಹಬ್ಬುವಾಗ ಕೆಲವು ಪಶ್ಚಿಮದಿಂದ ಬಳಸಿ ಹೋದವು, ಕೆಲವು ಪೂರ್ವದಿಂದ. ದಾರಿಯುದ್ದಕ್ಕೂ ಹಾಡು ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ರೈಲಿನಲ್ಲಿ ಮಂಗಳೂರು, ಕಾರವಾರ, ಮಡಗಾಂವ್, ಸಾವಂತವಾಡಿ ದಾಟಿದ ಹಾಗೆ ಕೊಂಕಣಿಯ ಧಾಟಿ ಬದಲಾಗುವುದಿಲ್ವಾ, ಹಾಗೆ. ಪಕ್ಕದೂರಿನವರಿಗೆ ಪರಸ್ಪರ ಅರ್ಥವಾಗುತ್ತದೆ.

ಮಧ್ಯ ಸೈಬೀರಿಯಾದಲ್ಲಿ ಎರಡು ತುದಿಗಳೂ ಮತ್ತೆ ಸೇರುತ್ತವೆ. ಪಶ್ಚಿಮದಿಂದ ಬಂದವಕ್ಕೆ ರೆಕ್ಕೆಯಲ್ಲಿ ಒಂದು ಗೆರೆ, ಪೂರ್ವದವಕ್ಕೆ ಎರಡು. ಎರಡರ ಹಾಡೂ ಹಿಮಾಲಯದ ಹಾಡಿಗಿಂತ ಉದ್ದ, ಜಾಸ್ತಿ ಕಸರತ್ತಿನದು. ಆದರೆ ರಾಗ ಬೇರೆ ಬೇರೆ. ಜೀವವಿಜ್ಞಾನಿ ಡ್ಯಾರೆನ್ ಇರ್ವಿನ್ ಮತ್ತು ಸಂಗಡಿಗರು ರೆಕಾರ್ಡ್ ಮಾಡಿದ ಹಾಡುಗಳನ್ನು ಅಲ್ಲಿನ ಗಂಡುಗಳಿಗೆ ಕೇಳಿಸಿದರು. ತಮ್ಮ ಕಡೆಯ ಹಾಡು ಕೇಳಿದರೆ ಎದುರಾಳಿ ಬಂದ ಅಂತ ರೇಗಿದವು. ಇನ್ನೊಂದು ಕಡೆಯದಕ್ಕೆ ಕ್ಯಾರೇ ಅನ್ನಲಿಲ್ಲ. 2001ರಲ್ಲಿ ಇದು 'ನೇಚರ್' ಪತ್ರಿಕೆಯಲ್ಲಿ ಬಂತು. ತಮ್ಮತಮ್ಮಲ್ಲಿ ಕೂಡಿ ಮರಿ ಮಾಡುವ ಗುಂಪೇ ಒಂದು ಪ್ರಭೇದ ಅಂತ 1942ರಲ್ಲಿ ಜೀವವಿಜ್ಞಾನಿ ಎರ್ನ್ಸ್ಟ್ ಮೇಯರ್ ಹೇಳಿದ್ದರು. ಆ ಲೆಕ್ಕದಲ್ಲಿ ಸೈಬೀರಿಯಾದಲ್ಲಿರುವುದು ಎರಡು ಪ್ರಭೇದ. ಅದೇ ಹಕ್ಕಿಯ ಜಾಡು ಹಿಡಿದು ಹಿಮಾಲಯದ ಮೂಲಕ ಸುತ್ತಿ ಬನ್ನಿ, "ಇಲ್ಲಿಂದ ಬೇರೆ" ಎಂದು ಗೀಟು ಎಳೆಯುವುದು ಕಷ್ಟ. ಕಣ್ಣಾರೆ ಕಂಡವರು ಯಾರು ಅಂತ ಕೇಳುವವರಿಗೆ ನಾನು ತೋರಿಸುವುದು ಇದನ್ನೇ.

ಕಥೆ ಇಷ್ಟು ಸಲೀಸಾಗಿಯೂ ಇಲ್ಲ. 2014ರಲ್ಲಿ ಈ ಹಕ್ಕಿಗಳ ಜೀನೋಮ್, ಅಂದರೆ ಡಿಎನ್‌ಎ, ಓದಿದಾಗ, ಈ ಸರಪಳಿ ಹಿಂದೆ ಕೆಲವೆಡೆ ಕಡಿದುಹೋಗಿತ್ತು, ಸೈಬೀರಿಯಾದ ಎರಡು ಗುಂಪುಗಳ ನಡುವೆ ಅಲ್ಪಸ್ವಲ್ಪ ಬೆರಕೆಯೂ ಆಗಿದೆ ಅಂತ ಗೊತ್ತಾಯಿತು. ವಿಜ್ಞಾನಿಗಳ ನಡುವಿನ ನಿಜವಾದ ಜಗಳ ಇಂಥದ್ದು. ವಿಕಾಸ ನಡೆಯಿತೋ ಇಲ್ಲವೋ ಅಂತ ಅವರು ಜಗಳವಾಡುವುದಿಲ್ಲ. ಹೇಗೆ ನಡೆಯಿತು, ಗೀಟು ಎಲ್ಲಿ ಎಳೆಯಬೇಕು ಅನ್ನುವುದೇ ತಕರಾರು.

ಬೆರಕೆ ಅಷ್ಟು ಕಡಿಮೆ ಯಾಕೆ? ಹಾಡಿನ ಜೊತೆ ವಲಸೆಯ ದಾರಿಯೂ ಕಾರಣ ಇರಬಹುದು. ಪಶ್ಚಿಮದ ಗುಂಪು ಚಳಿಗಾಲಕ್ಕೆ ಭಾರತಕ್ಕೆ ಬರುತ್ತದೆ, ಪೂರ್ವದ್ದು ಆಗ್ನೇಯ ಏಷ್ಯಾಕ್ಕೆ ಹೋಗುತ್ತದೆ. ಇಂಥ ಸಣ್ಣ ಹಕ್ಕಿಗಳಿಗೆ ವಲಸೆಯ ದಿಕ್ಕು ಬಹುಪಾಲು ಹುಟ್ಟಿನಿಂದಲೇ ಬರುತ್ತದೆ. ಯುರೋಪಿನ ಬ್ಲ್ಯಾಕ್‌ಕ್ಯಾಪ್ ಹಕ್ಕಿಗಳಲ್ಲಿ ಬೇರೆ ಬೇರೆ ದಿಕ್ಕಿಗೆ ಹಾರುವ ಗುಂಪುಗಳನ್ನು ಕೂಡಿಸಿದಾಗ ಮರಿಗಳು ನಡುವಿನ ದಿಕ್ಕು ಹಿಡಿದವು. ಸೈಬೀರಿಯಾದ ಬೆರಕೆ ಮರಿಯೂ ಹಾಗೇ ಮಾಡಿದರೆ ಅದರ ದಾರಿಗೆ ಅಡ್ಡ ಬರುವುದು ಟಿಬೆಟ್ ಪ್ರಸ್ಥಭೂಮಿಯೇ.