ಗದ್ದೆಯನ್ನು ಯಾರು ತಿರುವುತ್ತಾರೆ?

‘ಎರಡೆಕ್ರೆ ಗದ್ದೇಲಿ ಒಂದ್ ಮೂಲೆ ಕುಯ್ದ್ರೆ ಪಂಚಾಯ್ತಿ ಫಸ್ಲೆಲ್ಲ ಹೆಂಗ್ ಸಾ ಗೊತ್ತಾಯ್ತದೆ?’

ಮದ್ದೂರು ಕಡೆಯ ಯಜಮಾನರೊಬ್ಬರು ಬದುವಿನ ಮೇಲೆ ಕೂತು ಕೇಳಿದ್ದು. ನಾವು ಬೆಳೆ ಕಟಾವು ಪ್ರಯೋಗಕ್ಕೆಂದು, ಅಂದರೆ ಒಂದಿಷ್ಟು ಜಾಗ ಕುಯ್ದು ತೂಗಿ ಇಡೀ ಪಂಚಾಯಿತಿಯ ಇಳುವರಿ ಅಂದಾಜಿಸಲೆಂದು, ಅವರ ಭತ್ತದ ಗದ್ದೆಯಲ್ಲಿ ಹಗ್ಗ ಕಟ್ಟಿ, 5 ಮೀಟರ್ ಉದ್ದ 5 ಮೀಟರ್ ಅಗಲದ ಚೌಕ ಗುರುತಿಸುತ್ತಿದ್ದೆವು. ಹೆಚ್ಚುಕಡಿಮೆ ಕಾಲು ಗುಂಟೆ. ನಾನು ಮೇಷ್ಟರ ಧಾಟಿಯಲ್ಲಿ, ‘ಒಂದು ಸೌಟು ಸಾರಲ್ಲೇ ಉಪ್ಪು ನೋಡಲ್ವಾ?’ ಎಂದೆ. ‘ಸಾರ ತಿರುವಿ ನೋಡ್ತೀವಿ. ಗದ್ದೆನ ಯಾರ್ ತಿರುವ್ತರೆ?’ ಎಂದರು.

ಮಾದರಿ ಸಮೀಕ್ಷೆಯ ತಿರುಳನ್ನು ಇಷ್ಟು ಚೆನ್ನಾಗಿ ಹೇಳಿದ ಪಠ್ಯಪುಸ್ತಕ ನನಗೆ ಸಿಕ್ಕಿಲ್ಲ.

ತಿರುವುವ ಕೆಲಸ ಯಾದೃಚ್ಛಿಕ ಸಂಖ್ಯೆಗಳದ್ದು, ಅಂದರೆ ಚೀಟಿ ಎತ್ತಿದಂತೆ ಬರುವ ಸಂಖ್ಯೆಗಳದ್ದು. ಯಾವ ಸರ್ವೆ ನಂಬರ್, ಆ ಗದ್ದೆಯ ನೈಋತ್ಯ ಮೂಲೆಯಿಂದ ಉದ್ದಕ್ಕೆ ಎಷ್ಟು ಹೆಜ್ಜೆ, ಅಡ್ಡಕ್ಕೆ ಎಷ್ಟು ಎಂಬುದನ್ನು ಆ ಸಂಖ್ಯೆಗಳೇ ತೀರ್ಮಾನಿಸಬೇಕು. ನಮ್ಮ ಕಣ್ಣು, ನಮ್ಮ ಕಾಲು ತೀರ್ಮಾನಿಸಬಾರದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೆಸರು ತಪ್ಪಿಸಲು ರಸ್ತೆ ಪಕ್ಕದ ಗದ್ದೆಗಳನ್ನೇ ನಾನು ಆರಿಸಿದ್ದುಂಟು. ಅವಕ್ಕೆ ನಾಲೆ ನೀರು ಮೊದಲು ಸಿಗುತ್ತಿತ್ತು. ಕೊನೇ ಭಾಗದವರ ಒಣಗಿದ ಪೈರು ನನ್ನ ಲೆಕ್ಕಕ್ಕೆ ಬರಲೇ ಇಲ್ಲ. ಇದಕ್ಕೆ ಪಕ್ಷಪಾತ ಎನ್ನುತ್ತಾರೆ. ಅಂಥ ಗದ್ದೆ ನಾಲ್ಕರ ಬದಲು ನಾನೂರು ಕುಯ್ದಿದ್ದರೂ ಅದೇ ತಪ್ಪು ಉತ್ತರ, ಇನ್ನೂ ಗಟ್ಟಿ ದನಿಯಲ್ಲಿ ಬರುತ್ತಿತ್ತು, ಅಷ್ಟೇ.

ಪಕ್ಷಪಾತ ಹಗ್ಗದಲ್ಲೂ ಅಡಗಿರುತ್ತದೆ. ಅಂಚಿನ ಪೈರು ಒಳಗೋ ಹೊರಗೋ ಎಂಬ ಅನುಮಾನ ಬಂದಾಗ ಕುಡುಗೋಲು ಒಳಗೇ ಎಳೆದುಕೊಳ್ಳುತ್ತದೆ. 1 ಮೀಟರ್ ಚೌಕಕ್ಕೆ ಅಂಚು 4 ಮೀಟರ್. 25 ಚದರ ಮೀಟರಿನ ನಮ್ಮ ಚೌಕಕ್ಕೆ ಅಂಚು 20 ಮೀಟರ್ ಮಾತ್ರ. ಅಂದರೆ ಚಿಕ್ಕ ಚೌಕದಲ್ಲಿ, ಕುಯ್ಯುವ ಜಾಗಕ್ಕೆ ಹೋಲಿಸಿದರೆ, ಅಂಚು ಐದು ಪಟ್ಟು ಹೆಚ್ಚು. 1940ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಪಿ.ಸಿ. ಮಹಲನೋಬಿಸ್ ಮತ್ತು ಪಿ.ವಿ. ಸುಖಾತ್ಮೆ ನಡುವೆ ಇದೇ ವಿಷಯಕ್ಕೆ ವಾದ ನಡೆದಿತ್ತು. ಚಿಕ್ಕ ತುಂಡುಗಳು ಇಳುವರಿಯನ್ನು ಹೆಚ್ಚಾಗಿ ತೋರಿಸುತ್ತವೆ ಎಂಬುದು ಸುಖಾತ್ಮೆಯವರ ಪಟ್ಟು.

ಇನ್ನು ಎಷ್ಟು ಚೌಕ ಬೇಕು? ಸರ್ಕಾರದ ಬೆಳೆ ವಿಮೆ ಯೋಜನೆಯಾದ ಫಸಲ್ ಬಿಮಾದಲ್ಲಿ ಪಂಚಾಯಿತಿ ಮಟ್ಟದ ಮುಖ್ಯ ಬೆಳೆಗೆ ಕನಿಷ್ಠ 4 ಪ್ರಯೋಗ. ನಾಲ್ಕರ ಸರಾಸರಿ 14 ಕೆಜಿ ಬಂತು, ತೂಕಗಳ ಪ್ರಮಾಣ ವಿಚಲನೆ, ಅಂದರೆ ಅವು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ, 2 ಕೆಜಿ ಎಂದಿಟ್ಟುಕೊಳ್ಳಿ. ಎಕರೆಗೆ 22.7 ಕ್ವಿಂಟಾಲ್ ಆಯಿತು. ಆ ಸರಾಸರಿಯೇ ಎಷ್ಟು ಅತ್ತಿತ್ತ ಆದೀತು ಎಂಬ ಅಳತೆ, ಅಂದರೆ ಪ್ರಮಾಣ ದೋಷ, ಬೇಕೆಂದರೆ ಆ 2ನ್ನು 4ರ ವರ್ಗಮೂಲದಿಂದ ಭಾಗಿಸಿ: 1 ಕೆಜಿ. ಶೇ 95ರ ವಿಶ್ವಾಸದ ಅಂತರ ಕಟ್ಟಿದರೆ ಎಕರೆಗೆ ಹದಿನೇಳೂವರೆಯಿಂದ ಸುಮಾರು 28 ಕ್ವಿಂಟಾಲ್. ಎಂಥ ಅಗಲ! ಅದೇ ಸರಾಸರಿ, ಅದೇ ವಿಚಲನೆ 16 ಚೌಕಗಳಿಂದ ಬಂದಿದ್ದರೆ 21ರಿಂದ 24ರ ಆಸುಪಾಸು. ಶೇ 95 ಎಂದರೆ, ಹೀಗೆ ಮತ್ತೆ ಮತ್ತೆ ಚೌಕ ಆರಿಸಿ ಅಂತರ ಕಟ್ಟುತ್ತ ಹೋದರೆ ನೂರಕ್ಕೆ ಸುಮಾರು 95 ಸಲ ನಿಜವಾದ ಸರಾಸರಿ ಅದರೊಳಗೆ ಬೀಳುತ್ತದೆ ಎಂದರ್ಥ. ನಮ್ಮ ಪಂಚಾಯಿತಿಯದು ಆ 95ರಲ್ಲಿದೆಯೋ ಉಳಿದ ಐದರಲ್ಲೋ, ಹೇಳಲಾಗದು.

ಜಾಣ ಸೂತ್ರವೊಂದು ನಾಲ್ಕೇ ಚೌಕದಿಂದ ಇನ್ನೂ ನಿಖರವಾದ ಉತ್ತರ ಹಿಂಡೀತೇ? 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಇದಕ್ಕೆ 1945ರಲ್ಲೇ ಗೆರೆ ಎಳೆದರು. ಪಕ್ಷಪಾತವಿಲ್ಲದ ಯಾವ ಅಂದಾಜಿನ ವಿಧಾನವೂ ದತ್ತಾಂಶದಲ್ಲಿರುವ ಮಾಹಿತಿ ಹಾಕಿದ ಮಿತಿಗಿಂತ ಕೆಳಕ್ಕೆ ಏರಿಳಿತವನ್ನು ಇಳಿಸಲಾರದು. ಕ್ರಾಮರ್–ರಾವ್ ಮಿತಿ ಎಂದು ಜಗತ್ತು ಕರೆಯುವುದು ಇದನ್ನೇ. ಹೆಚ್ಚು ತಿಳಿಯಬೇಕೆಂದರೆ ಹೆಚ್ಚು ಕುಯ್ಯಲೇಬೇಕು. ಆದರೆ ಕೊಯ್ಲು ಎಲ್ಲ ಕಡೆ ಒಂದೇ ವಾರಕ್ಕೆ ಬರುತ್ತದೆ, ಸಿಬ್ಬಂದಿ ಬೆರಳೆಣಿಕೆ. ಅಂದಾಜು ಕೊಡುವವರು ಅದರ ಅಗಲವನ್ನೂ ಜೊತೆಗೆ ಬರೆಯಲಿ ಎಂದು ನಾನು ಹಟ ಹಿಡಿಯುವುದು ಅದಕ್ಕೇ.

ಅವತ್ತು ಒಕ್ಕಣೆ ಮಾಡಿ ತೂಗಿದಾಗ 11 ಕೆಜಿ ಚಿಲ್ಲರೆ ಬಂತು. ಯಜಮಾನರ ಮುಖ ಸಣ್ಣಗಾಯಿತು. ‘ಈ ಮೂಲೆ ಯಾವಾಗ್ಲೂ ಹಿಂಗೇ ಸಾ. ಆ ಕಡೆ ಪೈರು ನೋಡಿ, ಎಷ್ಟ್ ಚೆನ್ನಾಗದೆ. ಅಲ್ಲೇ ಕುಯ್ಕಳಿ.’

‘ಆ ಕಡೆಗೋದ್ರೆ ತಿರುವ್ದಂಗಾಯ್ತದಾ ಯಜಮಾನ್ರೇ?’ ಎಂದೆ. ನಕ್ಕುಬಿಟ್ಟರು. ಬಂದ ತೂಕವನ್ನೇ ಬರೆದುಕೊಂಡೆ.